ಆರು ವರ್ಷದ ಬಾಣಂತಿ

ನಗಬೇಡಿ. ಇದು ನಮ್ಮ ಪಕ್ಕದ ಮನೆ ಸುಕನ್ಯಳಿಗೆ ಆಗಿದ್ದು. ಒಂದು ರಾತ್ರಿ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಕೊನೆ ಬಸ್ ಇಳಿದು, ಹಳೇ ಊರಿನ ಬಾವಿ ಪಕ್ಕ ಒಬ್ಬಳೇ ಮನೆಗೆ ಬರುತ್ತಿದ್ದಳು. ಏಪ್ರಿಲ್ ಸೆಕೆ. ನಮಗೆಲ್ಲ ಬೆವರು ಸುರಿಯುತ್ತಿದ್ದರೆ ಅವಳಿಗೆ ಸ್ವೆಟರ್, ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಮಗಳು ತೇಜಶ್ರೀ ಹುಟ್ಟಿದಾಗ ಕಟ್ಟಿದ ಬಟ್ಟೆ ಅದು. ಬಿಚ್ಚಿದರೆ ನಡುಕ. ಬೀದಿಯವರು 'ಆರು ವರ್ಷದ ಬಾಣಂತಿ' ಅಂತ ಹೆಸರಿಟ್ಟಿದ್ದರು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಮೈಯಲ್ಲಿ ತ್ರಾಣವೇ ಇರಲಿಲ್ಲ, ಹುಬ್ಬು ಕೂಡ ಉದುರಿತ್ತು. ಡಾಕ್ಟರುಗಳು ಟಾನಿಕ್ ಬರೆದು ಕಳಿಸುತ್ತಿದ್ದರು. ಅತ್ತೆ ಆಂಜನಮ್ಮ ಗಾಳಿ ಸೋಕಿದೆ ಅಂತ ಮಗುವನ್ನು ಅವಳ ಹತ್ತಿರ ಮಲಗಲು ಬಿಡುತ್ತಿರಲಿಲ್ಲ. ಗಂಡ ಜಗನ್ ಮಾತೇ ಬಿಟ್ಟಿದ್ದ. ಅಮಾವಾಸ್ಯೆಗೆ ಗಾಳಿ ಬಿಡಿಸುವುದು, ಬಿಡದಿದ್ದರೆ ಅವಳನ್ನು ತವರಿಗೆ ಕಳಿಸುವುದು ಎಂದು ತೀರ್ಮಾನವಾಗಿತ್ತು. ಮಗು ಮಾತ್ರ ಇಲ್ಲೇ.

ಕಿರ್ರ್... ಕಿರ್ರ್...

ಬಾವಿಗೆ ಜಾಲರಿ ಹಾಕಿ ಬೀಗ ಜಡಿದು ಎಷ್ಟೋ ವರ್ಷವಾಗಿದೆ. ರಾಟೆಗೆ ಹಗ್ಗವೇ ಇಲ್ಲ. ಆದರೂ ಆ ರಾತ್ರಿ ತಿರುಗುತ್ತಿತ್ತು... ಕಟ್ಟೆ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬರೀ ತಲೆ. ಕಿವಿಗೆ ಹತ್ತಿ.

"ಚಳೀನಾ?" ಅಂದಳು ಪಿಸುದನಿಯಲ್ಲಿ.

"ಹೂಂ ಕಣಕ್ಕ."

"ಹಾಲು ಬಂತಾ?"

"ಒಂದು ತೊಟ್ಟೂ ಬರ್ಲಿಲ್ಲ."

"ಮುಟ್ಟು?"

"ಆಮೇಲೆ ಆಗೇ ಇಲ್ಲ."

"ಹೆರಿಗೇಲಿ ರಕ್ತ ಹೋಯ್ತಾ?"

"ಮಂಚದಿಂದ ನೆಲಕ್ಕಿಳೀತಕ್ಕ... ಆರು ಬಾಟ್ಲಿ ಹಾಕಿದ್ರು."

"ಡಾಕ್ಟ್ರಿಗೆ ಹೇಳಿದ್ಯಾ?"

"ಹೆರಿಗೆ ರಕ್ತದ ಮಾತು ಹೊರಗೆ ಆಡ್ಬಾರ್ದು ಅಂತಾರೆ ಅತ್ತೆ."

"ಹೇಳು... ನಾನೂ ಹೇಳ್ಲಿಲ್ಲ."

ರಾಟೆ ನಿಂತಿತು. ಕಟ್ಟೆ ಖಾಲಿ. ಸುಕನ್ಯ ಓಡಲಿಲ್ಲ. ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆರು ವರ್ಷದಲ್ಲಿ ಇದನ್ನೆಲ್ಲ ಕೇಳಿದವಳು ಆ ಹೆಂಗಸೊಬ್ಬಳೇ.

ಮರುದಿನ ಶಿವಾಜಿನಗರದ ಆಸ್ಪತ್ರೆಯಲ್ಲಿ ಎಲ್ಲ ಹೇಳಿದಳು. ಡಾಕ್ಟರ್ ತಾಹೇರಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್ ಎಲ್ಲ ಆಯಿತು.

"ಅವತ್ತು ಅಷ್ಟು ರಕ್ತ ಹೋಯ್ತಲ್ಲಮ್ಮ, ಮೆದುಳಿನ ಕೆಳಗೆ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇರುತ್ತೆ, ಅದು ಒಣಗಿದೆ. ಹಾಲು ಬರದೇ ಇದ್ದಿದ್ದು, ಈ ಚಳಿ, ಸುಸ್ತು, ಎಲ್ಲಾ ಅದರಿಂದಾನೇ. ಗಾಳಿಯಲ್ಲ. ಜೀವನಪೂರ್ತಿ ಮಾತ್ರೆ ತಗೋಬೇಕು, ಬಿಡಬಾರ್ದು. ಯಾರಮ್ಮ ಇದನ್ನ ಹೇಳು ಅಂದಿದ್ದು?"

"ಒಬ್ಬ ಬಾಣಂತಿ," ಅಂದಳು ಸುಕನ್ಯ.

ಗಾಳಿ ಬಿಡಿಸುವ ಮಾತು, ತವರಿಗೆ ಕಳಿಸುವ ಮಾತು ಅಲ್ಲಿಗೇ ನಿಂತವು. ಮಾತ್ರೆ ಶುರುವಾಗಿ ಎರಡು ತಿಂಗಳಿಗೆ ತೇಜಶ್ರೀ ಒಂದು ರಾತ್ರಿ ಅಜ್ಜಿಯ ಪಕ್ಕದಿಂದ ಎದ್ದು ಬಂದು ಇವಳನ್ನು ತಬ್ಬಿ ಮಲಗಿತು. "ಅಮ್ಮಾ, ನಿನ್ ಕೈ ಬೆಚ್ಚಗಿದೆ," ಅಂದಿತು.

ಮಾರನೇ ಸಂಜೆ ಸುಕನ್ಯ ತಲೆಬಟ್ಟೆ ಬಿಚ್ಚಿ, ಒಗೆದು ಮಡಿಚಿ, ಬಾವಿ ಕಟ್ಟೆ ಮೇಲಿಟ್ಟು ಬಂದಳು. ಪಾಪ, ಅವಳಿಗೂ ಚಳಿಯಲ್ಲವೇ ಅಂತ.

ಬೆಳಗ್ಗೆ ಹಾಲು ತರಲು ಹೋದಾಗ ಕಣ್ಣಾರೆ ನೋಡಿದ್ದೇನೆ. ಬಟ್ಟೆ ಜಾಲರಿಯ ಒಳಗಡೆ, ಬಾವಿಯ ಮೆಟ್ಟಿಲ ಮೇಲಿತ್ತು. ಗಲ್ಲದ ಕೆಳಗೆ ಹಾಕುವ ಗಂಟು ಬಿಗಿಯಾಗಿ ಹಾಕಿತ್ತು. ಬೀಗ ತುಕ್ಕು ಹಿಡಿದು ಹಾಗೇ ಇದೆ... ಬೇಕಾದರೆ ಹೋಗಿ ನೋಡಿ.