ಸಂಘದ ಹಂಡೆಗೆ ಯಾರ ರುಜು?

ಮಾಸ್ತಿ ಬಸ್ ಸ್ಟ್ಯಾಂಡಿನಲ್ಲಿ ಕೋಲಾರದ ಬಸ್ಸಿಗೆ ಕಾದು ಕಾದು ಭೀಮರಾಜನಿಗೆ ಜೊಂಪು ಹತ್ತಿತ್ತು. ಪಕ್ಕದಲ್ಲೇ ಕೂತಿದ್ದ ಇಬ್ಬರು ಹೆಂಗಸರ ಮಾತಿಗೆ ಆ ಜೊಂಪೂ ಹಾರಿಹೋಯಿತು. ಮಹಿಳಾ ಸಂಘದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ದೊಡ್ಡವಳು ಚಿಕ್ಕಗಂಗಮ್ಮ. ಸಂಘದ ಪುಸ್ತಕ ಹಿಡಿದ ಚಿಕ್ಕವಳು ಶಿರೀನ್.

"ಅಕ್ಕ, ನಿನ್ನೆ ಮೀಟಿಂಗಿಗೆ ನೀವು ಬರ್ಲಿಲ್ಲ. ಮೆಂಬರ್ ಮುನಿಯಲ್ಲಪ್ಪನೋರು ಬಂದಿದ್ರು. ಮಗಳ ಮದುವೆ ಅಡುಗೆಗೆ ನಮ್ಮ ಹಂಡೆ, ದಬರಿ ಬೇಕಂತೆ."

"ಸಂಘ ಅಂದ್ರೆ ಕೆಲ್ಸ ಇಲ್ದಿರೋ ಹೆಂಗಸ್ರ ಹರಟೆ ಅಂದೋನು ಅವನೇ ಅಲ್ವೇನೇ?"

"ಅವ್ರೇ. ಹೆಂಡ್ತೀನ ಒಂದಿನಾನೂ ಈ ಕಡೆ ಬಿಡ್ಲಿಲ್ಲ."

"ನೀನೇನಂದೆ?"

"ಮನೆ ಹೆಂಗಸೇ ಬಂದು ಕೇಳಿ ರುಜು ಹಾಕ್ಬೇಕು, ಗಂಡಸ್ರ ರುಜು ಇಲ್ಲಿ ನಡೆಯಲ್ಲ ಅಂದೆ. 'ನಾನು ಪಂಚಾಯ್ತಿ ಮೆಂಬರ್ ಕಣಮ್ಮ' ಅಂದ್ರು. ಹಂಗಾದ್ರೆ ಪಂಚಾಯ್ತಿ ಆಫೀಸಲ್ಲಿ ಹಂಡೆ ಇದ್ರೆ ತಗೊಂಡೋಗಿ ಅಂದೆ."

"ಭಲೇ! ಕಳಿಸಿದ್ನಾ ಅವಳನ್ನ?"

"ಇನ್ನೇನ್ಮಾಡ್ತಾರೆ? ಬಂದ್ರು, ಹಂಡೆಗೆ ರುಜು ಹಾಕಿದ್ರು. ಪೆನ್ನು ಮಾತ್ರ ವಾಪಸ್ ಕೊಡ್ಲಿಲ್ಲ. 'ಸಂಘಕ್ಕೆ ಸೇರೋರು ಎಲ್ಲಿ ಬರೀಬೇಕು?' ಅಂದ್ರು."

ಮಾಲೂರಿನ ಬಸ್ಸು ಬಂತು. ಇಬ್ಬರೂ ಎದ್ದರು.

"ಏನಂತ ಬರೆದ್ಲು? ಮೆಂಬರ್ ಹೆಂಡ್ತಿ ಅಂತಾನಾ?"

"ಗಂಗಾಲಕ್ಷ್ಮಿ ಅಂತ."

ಚಿಕ್ಕಗಂಗಮ್ಮ ಬಸ್ಸಿನ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಇಪ್ಪತ್ತು ವರ್ಷದಿಂದ ಎದುರು ಮನೇಲಿದ್ದೀನಿ ಕಣೇ. ಅವಳ ಹೆಸರು ಇವತ್ತು ಕೇಳ್ತಿದ್ದೀನಿ."