ಕೆಂಪು ಟೋಪಿಯವನು

...ಸೋತೆ ತಾನೆ? ಒಗಟು ಇನ್ನೊಂದು ಸಲ ಹೇಳ್ತೀನಿ, ಸರಿಯಾಗಿ ಕೇಳಿಸ್ಕೋ. ಸ್ಟೇಡಿಯಂ ತುಂಬ ಅರವತ್ತು ಸಾವಿರ ಜನ. ಅಷ್ಟೂ ಜನರಲ್ಲಿ ಒಬ್ಬಳಿಗೆ ಮಾತ್ರ ಕೇಳಿಸೋ ಸದ್ದು ಯಾವುದು? ...ಗೊತ್ತಿಲ್ವಾ? ಅವಳ ಹೊಟ್ಟೆ ಗುರ್ ಅನ್ನೋದು! ಹ್ಹ ಹ್ಹ... ಸರಿ, ನಗಬೇಡ ಬಿಡು. ಬಾಳೆಹಣ್ಣಾದ್ರೂ ತಿನ್ನು ಅಕ್ಕ. ಮಗಳು ಬೆಳಗ್ಗೆಯಿಂದ ಹೊಟ್ಟೆಗೇನೂ ಹಾಕ್ಕೊಂಡಿಲ್ಲ ಅಂತ ಅಮ್ಮ ಕೆಳಗೆ ಹೋಟೆಲ್ ಲಿಫ್ಟ್ ಪಕ್ಕ ನಿಂತು, ಬಂದೋರಿಗೆಲ್ಲ ನಮ್ಮ ಭಾಷೇಲೇ ಹೇಳ್ತಿದಾಳೆ. ಅವರೂ ಪಾಪ ತಲೆ ಆಡಿಸ್ತಾರೆ. ಸೂಟ್‌ಕೇಸು ಎಳ್ಕೊಂಡು ಬಂದವನೊಬ್ಬ 'ಥ್ಯಾಂಕ್ಯೂ' ಅಂದು ಹೋದ!

ಶೂ ಆದ್ರೂ ಬಿಚ್ಚು. ಎದೆ ಮೇಲಿನ ಆ ನಂಬರು ಕಿತ್ತು ಬಿಸಾಕು. ಓಟ ಮುಗಿದು ಮೂರು ಗಂಟೆ ಆಯ್ತು... ಆಯ್ತಮ್ಮ, ಮುಗೀಲಿಲ್ಲ. ನಿನಗೆ ಶುರುವೇ ಆಗ್ಲಿಲ್ಲ. ಹಾಗೆ ನೋಡಬೇಡ, ಬಾಯಿ ತಪ್ಪಿ ಬಂತು.

ಒಳ್ಳೆ ಸುದ್ದಿ ತಂದಿದೀನಿ. ಕೂತೇ ಇದೀಯಲ್ಲ, ಸರಿ. ಸಿಕ್ಕಿಬಿದ್ದ! ಯಾರು ಅಂದ್ರೆ? ಕೆಂಪು ಟೋಪಿಯವನು! ನೀನು ಹೇಗೆ ನೋಡ್ತೀಯ, ನೀನು ಕೆಳಗೆ ಗೆರೆ ಮೇಲೆ ಮಂಡಿಯೂರಿದ್ದೆ. ಮೊದಲ ಸಾಲಲ್ಲಿ ಕೂತಿದ್ದ. ದಪ್ಪ ಆಸಾಮಿ, ಎರಡು ಕುರ್ಚಿಗೆ ಒಬ್ಬನೇ. ಕೈಯಲ್ಲಿ ಖಾಲಿ ಚಿಪ್ಸ್ ಪ್ಯಾಕೆಟ್ಟು. 'ಸೆಟ್' ಅಂದ್ರಾ, ನೀವು ಎಂಟು ಜನ ಸೊಂಟ ಎತ್ತಿದ್ರಾ, ಇಡೀ ಸ್ಟೇಡಿಯಂ ಉಸಿರು ಬಿಗಿ ಹಿಡೀತಾ... ಅಪ್ಪ ಬಾವುಟ ಕಚ್ಕೊಂಡಿದ್ದ, ನಿಜವಾಗ್ಲೂ, ಹಲ್ಲಲ್ಲಿ! ಅಮ್ಮ ಎಂದಿನ ಹಾಗೆ ಕಣ್ಣು ಮುಚ್ಚಿದ್ಲು. ಕಣ್ಣು ಮುಚ್ಕೊಳ್ಳೋಕೆ ಇಷ್ಟು ದೂರ ವಿಮಾನ ಹತ್ತಿ ಬರಬೇಕಿತ್ತಾ ಹೇಳು. ಆಗ ಆ ಟೋಪಿಯವನು ಪ್ಯಾಕೆಟ್ಟಿಗೆ ಗಾಳಿ ಊದಿ... ಫಟ್! ನೀನು ಹಾರಿದೆ. ಓಟ ಶುರು ಮಾಡೋ ಪಿಸ್ತೂಲು ಇನ್ನೂ ಬಾಯೇ ಬಿಟ್ಟಿರಲಿಲ್ಲ. ಕೆಂಪು ಕಾರ್ಡು ಹಿಡ್ಕೊಂಡು ಆ ಹೆಂಗಸು ಬಂದೇಬಿಟ್ಲು. ಒಂದೇ ತಪ್ಪು, ಆಚೆ ನಡಿ! ಎಂಥಾ ರೂಲ್ಸೋ. ಸ್ಕೂಲು ಬಿಡೋಕೆ ಅರ್ಧ ಗಂಟೆ ಮುಂಚೆಯೇ ನಾನು ಬೆಲ್ ಹೊಡೆದು ಎಲ್ಲರನ್ನೂ ಮನೆಗೆ ಕಳಿಸ್ತಿದ್ದಾಗ, ಅಲ್ಲೂ ಮೂರು ಸಲ ಎಚ್ಚರಿಕೆ ಕೊಟ್ಟೇ ನನ್ನ ಹೊರಗೆ ಹಾಕಿದ್ದು. 'ಗಂಟೆ' ಅನ್ನೋ ಹೆಸರು ಮಾತ್ರ ಮೊದಲ ಸಲಕ್ಕೇ ಅಂಟ್ಕೊಳ್ತು, ಅದು ಬೇರೆ ವಿಷಯ.

ಏನದು? ಬೆರಳು ಯಾಕೆ ತೋರಿಸ್ತೀಯ? ಏಳು? ...ಓ. ಮಿಕ್ಕ ಏಳು ಜನ. ಅವರು ಯಾಕೆ ಅಲುಗಲಿಲ್ಲ ಅಂತಾನಾ? ಅವರಿಗೆ... ಅವರಿಗೆ ಕಿವಿ ಮಂದ ಇರಬೇಕು. ನಂಗೇನು ಗೊತ್ತು, ನಾನೇನು ಡಾಕ್ಟರಾ?

ಅದು ಬಿಡು. ಮುಖ್ಯ ವಿಷಯ ಕೇಳು. ಮುನ್ನೂರ ಹನ್ನೆರಡನೇ ರೂಮಿಗೆ ಹೋಗಿ ಕೋಚ್ ಸರ್‌ಗೆ ಎಲ್ಲಾ ಹೇಳಿ ಬಂದೆ. ನನ್ನ ಬೆನ್ನು ತಟ್ಟಿದ್ರು ಗೊತ್ತಾ! 'ನರ ಗಟ್ಟಿ ಇಲ್ಲದವಳನ್ನ ರಿಲೇಲಿ ಮೊದಲು ನಿಲ್ಲಿಸಲ್ಲ ಅಂದಿದ್ದೆ, ತಪ್ಪಾಯ್ತು. ನಾಳೆ ಮೊದಲ ಓಟ ಅವಳದೇ' ಅಂದ್ರು. ಆರು ಗಂಟೆಗೆ ಪಟ್ಟಿ ಕೊಡ್ತಾರಂತೆ, ನಿನ್ನ ಹೆಸರೇ ಮೇಲೆ. ಅಪ್ಪನೂ ಅಲ್ಲೇ ಇದ್ದ. ಬಸ್ಸಲ್ಲಿ ಅಂದನಲ್ಲ, 'ಮಾನ ಕಳೆದೆ, ಇನ್ನು ಸಾಕು ನಿನ್ನ ಓಟ' ಅಂತ... ಅದನ್ನ ನೆನೆಸ್ಕೊಂಡು ಕಣ್ಣು ಒರೆಸ್ಕೊಂಡ.

ಯಾಕೆ ನಗ್ತೀಯ? ...ನಗು ಅಲ್ವಾ ಅದು? ಮತ್ತೆ... ನನ್ನ ಜೇಬು ಯಾಕೆ ನೋಡ್ತೀಯ? ಏನಿಲ್ಲ. ಕೈ ಇದೆ. ಚಳಿ! ಈ ರೂಮಿನ ಎಸಿ ನೋಡು, ಹೆಣ ಇಡಬಹುದು. ಏ, ಎಳೀಬೇಡ, ಜಾಕೆಟ್ಟು ಹರಿಯುತ್ತೆ ಅಕ್ಕ, ಬಿಡು... ಬಿಡಂದ್ರೆ... ಬಿತ್ತಲ್ಲ.

ತಗೋ. ಇನ್ನೊಂದೂ ತಗೋ. ಒಂದೇ ಇಟ್ಕೊಂಡು ಏನು ಮಾಡಲಿ.

ಹೂಂ. ತಂದಿದ್ದೆ. ಗೇಟಲ್ಲಿ ಚೀಲ ತಡಕಿದವನ ಮುಂದೆ ಎರಡನ್ನೂ ಕುಟ್ಟಿ ಕುಣಿದು ತೋರಿಸಿದೆ, ವಾದ್ಯ ಅಂದ್ಕೊಂಡು ನಕ್ಕು ಬಿಟ್ಟುಬಿಟ್ಟ. ಮುರಿದ ಮೇಜಿನ ಕಾಲು ಕೊಯ್ದು ಅಪ್ಪ ಮಾಡಿಕೊಟ್ಟ ಮರದ ತುಂಡುಗಳು. ಇಲ್ಲಿ ನೋಡು, ಅಂಚು ಸವೆದು ಗುಂಡಗಾಗಿದೆ. ನಮಗೆಲ್ಲಿತ್ತು ಪಿಸ್ತೂಲು? ಅಪ್ಪನ ಮರಗೆಲಸದ ಶೆಡ್ ಹಿಂದೆ ದಿನಾ ಬೆಳಗ್ಗೆ ನೀನು ಬಗ್ಗೋದು, ನಾನು ಹಿಂದೆ ನಿಂತು 'ಸೆಟ್' ಅನ್ನೋದು, ಮನಸ್ಸಲ್ಲೇ ಒಂದು, ಎರಡು... ಠಕ್! ನಾಲ್ಕು ವರ್ಷ ಅಕ್ಕ. ಕೆಮ್ಮಿದ್ರೂ ಹಾರ್ತಿರಲಿಲ್ಲ ನೀನು, ಸೀನಿದ್ರೂ ಹಾರ್ತಿರಲಿಲ್ಲ. ಇದಕ್ಕೆ ಮಾತ್ರ. ಆಮೇಲೆ ಕೋಚ್ ಸರ್ ಬಂದ್ರು, ಪಿಸ್ತೂಲು ಬಂತು. ನನಗೆ ನಿನ್ನ ನೀರಿನ ಬಾಟ್ಲಿ ಕಾಯೋ ಕೆಲಸ.

ನೀರು ತರ್ತೀನಿ ಅಂತ ಅಪ್ಪಂಗೆ ಹೇಳಿ ಎದ್ದು, ಕೆಳಗೆ ಕಂಬಿ ಹತ್ರ ಹೋಗಿ ನಿಂತಿದ್ದೆ. ನೀನು ಹತ್ತು ಮಾರು ದೂರದಲ್ಲಿದ್ದೆ. ಪಿಸ್ತೂಲಿನ ಜೊತೆಗೇ ಹೊಡೀಬೇಕು ಅಂತಿದ್ದೆ. ಜೊತೆಗೇ! ಯಾರಿಗೂ ಕೇಳಿಸಬಾರದು. ನಂಗೊಬ್ಬನಿಗೆ ಗೊತ್ತಿದ್ರೆ ಸಾಕು, ಇಲ್ಲೂ ನಿನ್ನ ಹೊರಡಿಸಿದ್ದು ನಾನೇ ಅಂತ. ಒಂದು, ಎರಡು... ಪಿಸ್ತೂಲಿನವನು ಮೂರರ ತನಕ ಕಾದ ಅಕ್ಕ! ಇಲ್ಲಿಯೋರು ಮೂರು ಎಣಿಸ್ತಾರೆ ಅಂತ ನಂಗೆ ಯಾರು ಹೇಳಿದ್ರು?

...ನಿನಗೆ ಗೊತ್ತಿತ್ತು. ಆಗಲೇ. ಆ ಹೆಂಗಸು ಕಾರ್ಡು ಎತ್ತಿದ್ರೆ ನೀನು ಅದನ್ನ ನೋಡ್ಲೇ ಇಲ್ಲ, ತಿರುಗಿ ಕಂಬಿ ಕಡೆ ನೋಡಿದೆ. ನಾನು ಬಗ್ಗಿ ಶೂ ಲೇಸು ಕಟ್ಟೋ ನಾಟಕ ಆಡಿದೆ. ನನ್ನ ಶೂಗೆ ಲೇಸೇ ಇಲ್ಲ. ಒಗಟಿಗೆ ಹೊಟ್ಟೆ ಅಂದೆನಲ್ಲ... ನಿಜವಾದ ಉತ್ತರ ನಿಂಗೆ ಮೊದಲೇ ಗೊತ್ತಿತ್ತು.

ಮತ್ತೆ ಸರ್ 'ಏನಾದ್ರೂ ಸದ್ದು ಕೇಳಿಸ್ತಾ' ಅಂದಾಗ 'ಇಲ್ಲ ಸರ್, ನಂದೇ ಗಾಬರಿ' ಅಂತ ಯಾಕಂದೆ? ಹೇಳ್ಬಾರದಿತ್ತಾ? 'ಈ ಗಂಟೆ ಬಂದ್ರೆ ಏನಾದ್ರೂ ಕಿತಾಪತಿ ಗ್ಯಾರಂಟಿ, ಮನೇಲೇ ಇರಲಿ' ಅಂತ ಅಪ್ಪ ಅಂದಾಗ, 'ಅವನು ಬರದಿದ್ರೆ ನಾನೂ ಹೋಗಲ್ಲ' ಅಂತ ಊಟ ಬಿಟ್ಟು ಕೂತವಳು ನೀನು. ಅದಕ್ಕಾ? ಈಗಲೂ ನನ್ನ ಪರವಾಗಿ ಊಟ ಬಿಟ್ಟು ಕೂತಿದೀಯಾ?

ಬೈಯಿ. ಕಪಾಳಕ್ಕೊಂದು ಕೊಡು. ಏನಾದ್ರೂ ಮಾಡು! ಸರ್‌ಗೆ ಹೇಳಿ ಆಗಿದೆ ಅಂದೆನಲ್ಲ. ನಾಳೆ ನೀನೇ ಮೊದಲು. ಎಲ್ಲಾ ಸರಿಹೋಯ್ತು.

...ಗಡಿಯಾರ ಯಾಕೆ ನೋಡ್ತೀಯ? ಆರಕ್ಕೆ ಇನ್ನೂ ಹನ್ನೆರಡು ನಿಮಿಷ ಇದೆ.

...ಅಕ್ಕ.

...ಈ ತುಂಡುಗಳನ್ನ ಕೈಯಲ್ಲಿ ಹಿಡಿ. ಹೀಗಲ್ಲ, ಬೆರಳು ಚಚ್ಕೊಳ್ತೀಯ, ಹೀಗೆ. ಈ ಸಲ ನೀನು ಹೊಡಿ. ನಾನು ಓಡ್ತೀನಿ. ಲಿಫ್ಟು ಬೇಡ, ಮೆಟ್ಟಿಲಲ್ಲೇ. ಎಲ್ಲಿಗೆ ಅಂದ್ರೆ... ಮುನ್ನೂರ ಹನ್ನೆರಡಕ್ಕೆ.

ಹೂಂ. ಬಾಗಿಲ ತನಕ ಹೋಗಿದ್ದೆ. ಒಳಗೆ ಅಪ್ಪನ ದನಿ ಕೇಳಿಸ್ತು. ಕೈ ಎತ್ತಿದೆ. ಊರೆಲ್ಲ ಸದ್ದು ಮಾಡ್ಕೊಂಡು ತಿರುಗೋ ಕೈ, ಅಲ್ಲಿ ಒಂದು ಬಾಗಿಲು ತಟ್ಟಲಿಲ್ಲ. ಟೋಪಿಯವನೂ ಇಲ್ಲ, ಬೆನ್ನು ತಟ್ಟಿದವರೂ ಇಲ್ಲ, ಅಪ್ಪ ಕಣ್ಣು ಒರೆಸ್ಕೊಳ್ಳಲೂ ಇಲ್ಲ.

ಎಲ್ಲಾ ನಾನೇ ಕಟ್ಟಿದ ಕಥೆ, ಅಕ್ಕ. ಈಗ ಹೋಗಿ ನಿಜ ಹೇಳ್ತೀನಿ. ಹೊಡಿ.