ಇಪ್ಪತ್ತೈದನೆಯ ಹಳದಿ ತೋಟಾ

ಹೇಳಿಕೆ ಕೊಟ್ಟವನ ಹೆಸರು ಎಲ್ವೀರೊ ಫಾಂತೊನಿ, ವಯಸ್ಸು 63, ಕಸುಬು ಚೆಸ್ಟ್‌ನಟ್ ಮತ್ತು ಒಣ ಅಣಬೆಯ ಸಗಟು ವ್ಯಾಪಾರ, ವಾಸ ಗಿರಣಿ ಬೀದಿ ಮನೆ ನಂ. 11, ಪಿಯೆವೆಮೋರಾ, ಅಪೆನೈನ್ ಬೆಟ್ಟಸಾಲು, ಇಟಲಿ. ಬೇಟೆ ಪರವಾನಗಿ 1979ರಿಂದ ಇದೆ. ಯಾರೂ ಕರೆಯದೆ ನಾನಾಗಿಯೇ ಈ ದಿನ ಬೆಳಿಗ್ಗೆ 9 ಗಂಟೆಗೆ ಕರಬಿನಿಯೇರಿ ಪೊಲೀಸ್ ಠಾಣೆಗೆ ಬಂದು ಬರೆಸುವುದು ಏನೆಂದರೆ,

ಮೊದಲು ಲೆಕ್ಕ. ಈ ಪ್ರಕರಣಕ್ಕೆ ಇವತ್ತಿನವರೆಗೆ ತಗುಲಿದ್ದು ಇಷ್ಟು: ನನ್ನ ಗೆಳೆಯ ದೂಲಿಯೊ ಸ್ಕಾರ್ಪೆತ್ತಿಯ ಎಡಗೈ ಉಂಗುರ ಬೆರಳಿನ ಒಂದು ಗೆಣ್ಣು, ಅದೇ ಕೈಗೆ ಹದಿನಾಲ್ಕು ಹೊಲಿಗೆ, ಎಡಗಿವಿಯ ಅರ್ಧ ಶ್ರವಣ; 71 ಸೆಂಟಿಮೀಟರ್ ಉದ್ದದ ಒಂದು ಉಕ್ಕಿನ ನಳಿಗೆ; ಹೊಸ ಕೋವಿಗೆಂದು ನನ್ನ ಕೈಯಿಂದ 1,780 ಯೂರೊ; ಮತ್ತು ಸಿಞೋರಾ ಇಯೋಲೆ ಮಂಬ್ರೀನಿಯವರ ಕೋವಿ ಅಂಗಡಿಯ ಆರು ದಿನ. ಆ ಅಂಗಡಿಯ ಬಾಗಿಲಿಗೆ ನೀವು ಮುದ್ರೆ ಹಾಕಿದ್ದೀರಿ. ಮೂವತ್ತೆಂಟು ವರ್ಷದಲ್ಲಿ ಅದು ಇಷ್ಟು ದಿನ ಮುಚ್ಚಿದ್ದು ಅವರ ಯಜಮಾನರು ತೀರಿಕೊಂಡಾಗಲೂ ಇಲ್ಲ.

ದೂಲಿಯೊ ಕೊಟ್ಟ ದೂರಿನಲ್ಲಿ ಅಂಗಡಿಯವರು ಬಿರುಕು ಬಿಟ್ಟ ನಳಿಗೆ ಮಾರಿದರು ಎಂದಿದೆ. ಅದು ತಪ್ಪು. ನಳಿಗೆಯಲ್ಲಿ ದೋಷವಿರಲಿಲ್ಲ. ದೋಷ ನನ್ನ ಹಳೆಯ ಬೇಟೆ ಜಾಕೆಟ್ಟಿನ ಬಲ ಜೇಬಿನಲ್ಲಿತ್ತು. ಇದನ್ನು ಬರೆಸಿದರೆ ನನ್ನ ಪರವಾನಗಿಯೇ ಹೋಗಬಹುದು ಎಂದು ಠಾಣಾಧಿಕಾರಿಗಳು ನನ್ನನ್ನು ಎರಡು ಸಲ ಎಚ್ಚರಿಸಿದ್ದಾರೆ. ಎರಡು ಸಲವೂ ಬರೆದುಕೊಳ್ಳಿ ಎಂದಿದ್ದೇನೆ.

ಕಳೆದ ಆಗಸ್ಟ್ 22ರಂದು, ನನ್ನ ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದ ಡಾಕ್ಟರು ನನಗೆ ಬೆಟ್ಟ ಹತ್ತಬಹುದೆಂದೂ, ಮೈಮೇಲಿನ ಹೊರೆ ಐದು ಕಿಲೊ ಮೀರಬಾರದೆಂದೂ ಹೇಳಿದರು. ಬೆಟ್ಟ ಬಿಡು ಎನ್ನಲಿಲ್ಲ. ಅಂದಿದ್ದರೂ ನಾನು ಬಿಡುತ್ತಿರಲಿಲ್ಲ. ನನ್ನ ನಾಯಿ ಬ್ರೀಚಾಗೆ ಹನ್ನೊಂದು ವರ್ಷ. ಉದ್ದ ಕೊಕ್ಕಿನ ಕಾಡುಹಕ್ಕಿ ಬೆಕ್ಕಾಚಾ ಉತ್ತರದಿಂದ ಇಳಿದು ಬರುವ ಇನ್ನೊಂದು ಚಳಿಗಾಲ ಅದಕ್ಕೆ ಸಿಗುವುದು ಅನುಮಾನ.

ಮನೆಗೆ ಬಂದು ಎಲ್ಲವನ್ನೂ ತೂಗಿದೆ. ಹಳೆಯ ಹನ್ನೆರಡು ಬೋರಿನ ಒಂಟಿ ನಳಿಗೆ ಕೋವಿ 3,340 ಗ್ರಾಂ. ನೀರು ಒಂದು ಕಿಲೊ. ಚರ್ಮದ ಪಟ್ಟಿಯ ಹಳೆ ಜಾಕೆಟ್ 900. ಕೋವಿಗೆ ತುಂಬುವ ತೋಟಾ ಹತ್ತಕ್ಕೆ 460. ಬ್ರೆಡ್ಡು, ಚೀಸು 300. ಒಟ್ಟು ಆರು ಕಿಲೊ. ನೀರು ಬಿಡಲಾಗದು, ಬ್ರೆಡ್ಡು ಬಿಡಲಾಗದು. ಒಂದು ಕಿಲೊ ಇಳಿಯಬೇಕಾದದ್ದು ಕೋವಿ ಮತ್ತು ಜಾಕೆಟ್ಟಿನಿಂದಲೇ.

ಸೆಪ್ಟೆಂಬರ್ 27, ಬುಧವಾರ, ಬೆಳಿಗ್ಗೆ 10.15ಕ್ಕೆ ನನ್ನ ತಕ್ಕಡಿಯೊಂದಿಗೆ ಸಿಞೋರಾ ಇಯೋಲೆಯವರ ಅಂಗಡಿಗೆ ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ, ‘ಕೊಳ್ಳೋದಕ್ಕೊಂದು ತಕ್ಕಡಿ, ಮಾರೋದಕ್ಕೊಂದು ತಕ್ಕಡಿ ಇಟ್ಟಿದೀಯ ಅಂತ ಊರೆಲ್ಲ ಹೇಳುತ್ತೆ ಫಾಂತೊನಿ. ಇವತ್ತು ಯಾವುದು ತಂದೆ?’ ಎಂದು ಕೇಳಿದರು. ಕೊಳ್ಳೋದು ಎಂದೆ. ‘ಹಾಗಾದ್ರೆ ನನ್ನ ಕೋವಿ ಎಲ್ಲಾ ಇವತ್ತು ಹಗುರ ಆಗ್ತವೆ, ಇಡು ಮೇಜಿನ ಮೇಲೆ’ ಎಂದರು.

ಮೊದಲು ಇಟ್ಟದ್ದು ಹನ್ನೆರಡು ಬೋರಿನದೇ, ಹೊಗೆಯ ಒತ್ತಡದಿಂದ ತಾನೇ ಮುಂದಿನ ತೋಟಾ ತುಂಬಿಕೊಳ್ಳುವುದು. ಕಂಪನಿಯ ಪುಸ್ತಕದಲ್ಲಿ 2,850 ಎಂದಿತ್ತು, ತಕ್ಕಡಿಯಲ್ಲಿ 2,990 ಬಂತು. ಇದೇನು ಸಿಞೋರಾ ಎಂದು ಕೇಳಿದ್ದಕ್ಕೆ, ‘ಪುಸ್ತಕಕ್ಕೆ ಅಂತ ತೂಗೋವಾಗ ಒಣಗಿ ಬೆಂಡಾದ ಮರ ಹಾಕ್ತಾರೆ. ಮದುವೆ ಫೋಟೋ ನೋಡಿ ಹೆಣ್ಣು ಒಪ್ಪಿಕೊಂಡ ಹಾಗೆ ಅದು’ ಎಂದರು. ಮೆದುವಾಗಿ ಒದೆಯುತ್ತದೆ, ಆದರೆ ಮೂತಿ ಭಾರ, ತೆಗೆದಿಟ್ಟೆ.

ಎರಡನೆಯದು ಇಪ್ಪತ್ತೆಂಟು ಬೋರು, 2,310 ಗ್ರಾಂ. ಬೋರಿನ ಸಂಖ್ಯೆ ಏರಿದಷ್ಟೂ ನಳಿಗೆಯೂ ತೋಟಾವೂ ಸಣ್ಣವು. ಎತ್ತಿದರೆ ಕೈಯಲ್ಲಿ ಕೊಡೆ ಹಿಡಿದಂತೆ. ನಾನು ಹಲ್ಲು ಬಿಟ್ಟದ್ದನ್ನು ನೋಡಿ ಅವರು ಅದನ್ನು ಕಸಿದುಕೊಂಡರು. ‘ಹಗುರ ಅಂತ ಕುಣೀಬೇಡ. ಮುಂದೆ ಸ್ವಲ್ಪ ತೂಕ ಇಲ್ದಿದ್ರೆ ನಳಿಗೆ ಹಕ್ಕಿ ಹಿಂದೆ ಹೋಗೋದನ್ನ ನಡುವೆ ನಿಲ್ಲಿಸಿಬಿಡುತ್ತೆ. ನಿನ್ನ ವಯಸ್ಸಿನ ಕೈ ಬೇರೆ’ ಎಂದರು. ಅವರಿಗೆ ನನಗಿಂತ ಏಳು ವರ್ಷ ಜಾಸ್ತಿ ಎಂಬುದನ್ನು ನಾನು ಎತ್ತಲಿಲ್ಲ.

ಮೂರನೆಯದು ಇಪ್ಪತ್ತು ಬೋರು. ಅಲ್ಯೂಮಿನಿಯಂ ಮೈ, 61 ಸೆಂಟಿಮೀಟರ್ ನಳಿಗೆ, ಒದೆತದ ಬಲದಿಂದಲೇ ತುಂಬಿಕೊಳ್ಳುವ ಜಾತಿ, ಒಳಗೆ ಮಸಿ ಕಟ್ಟುವುದು ಕಡಿಮೆ. ಪುಸ್ತಕದಲ್ಲಿ 2,450, ತಕ್ಕಡಿಯಲ್ಲಿ 2,560. ಹೆಗಲಿಗೆ ಏರಿಸಿದಾಗ ಕಣ್ಣು ತಾನಾಗಿ ಸಾಲಿಗೆ ಬಂತು. ಮೂರು ಸಲ ಕಣ್ಣು ಮುಚ್ಚಿ ಏರಿಸಿ, ತೆರೆದು ನೋಡಿದೆ. ಮೂರು ಸಲವೂ ಸಾಲಿನಲ್ಲೇ ಇತ್ತು. ಒದೆತ ಹೇಗೆ ಎಂದು ಕೇಳಿದೆ. ‘ಬೆಟ್ಟದಲ್ಲಿ ಉಳಿಸಿದ್ದನ್ನ ಭುಜದಿಂದ ವಸೂಲು ಮಾಡುತ್ತೆ. ಆದರೆ ಬೆಟ್ಟ ಇಡೀ ದಿನ, ಈಡು ದಿನಕ್ಕೆ ಎರಡೋ ಮೂರೋ. ನೀನೇ ಲೆಕ್ಕಸ್ಥ, ನೋಡ್ಕೊ’ ಎಂದರು.

ಕೂಡಿಸಿದೆ. ಕೋವಿ 2,560, ನೀರು ಒಂದು ಕಿಲೊ, ಬಟ್ಟೆಯ ಹೊಸ ಜಾಕೆಟ್ 600, ಚಿಕ್ಕ ತೋಟಾ ಹತ್ತಕ್ಕೆ 360, ಬ್ರೆಡ್ಡು ಚೀಸು 300. ಒಟ್ಟು 4,820. ಒಂದು ಬೆಕ್ಕಾಚಾ 310 ಗ್ರಾಂ ತೂಗುತ್ತದೆ. ಅಂದರೆ ಹಕ್ಕಿ ಬೀಳುವ ಮೊದಲು 130 ಗ್ರಾಂ ನೀರು ಕುಡಿದು ಮುಗಿಸಬೇಕು. ಅದು ನನ್ನಿಂದ ಆಗುವ ಕೆಲಸ.

ಆದರೂ ಪರೀಕ್ಷೆ ಮಾಡದೆ ಮಾರುವುದಿಲ್ಲ ಎಂದು ಅವರು ಹಟ ಹಿಡಿದರು. ಅಕ್ಟೋಬರ್ 8, ಭಾನುವಾರ, ಹಳೆ ಕಲ್ಲುಕ್ವಾರಿಯ ಗುರಿ ಮೈದಾನದಲ್ಲಿ ಇಪ್ಪತ್ತೈದು ತೋಟಾಗಳ ಒಂದು ಪೆಟ್ಟಿಗೆ ಕೊಟ್ಟರು. ಇಪ್ಪತ್ತು ಬೋರಿನ ತೋಟಾ ಎಲ್ಲವೂ ಹಳದಿ ಬಣ್ಣದವು. ನಾನು ತೊಟ್ಟಿದ್ದದ್ದು ಹಳೆಯ ಜಾಕೆಟ್. ಪೆಟ್ಟಿಗೆಯನ್ನು ಅದರ ಬಲ ಜೇಬಿಗೆ ಸುರಿದುಕೊಂಡೆ. ಹಾರಿಸಿದ ಮಣ್ಣಿನ ತಟ್ಟೆಗಳಲ್ಲಿ ಹತ್ತೊಂಬತ್ತು ಒಡೆದೆ. ಮುಗಿದ ಮೇಲೆ ಖಾಲಿ ಕೊಳವೆಗಳನ್ನು ಆರಿಸಿ ಎಣಿಸಿದೆ. ಇಪ್ಪತ್ನಾಲ್ಕು ಬಂದವು.

ಅಲ್ಲಿ ಆರೇಳು ಜನ ಬೇಟೆಗಾರರಿದ್ದರು. ಅವರೆಲ್ಲರ ಮುಂದೆ ನಾನು, ‘ಸಿಞೋರಾ, ತೂಕದಲ್ಲಿ ಮೋಸ ನಂದು ಅಂತೀರಿ, ಎಣಿಕೆಯಲ್ಲಿ ಮೋಸ ಯಾರದು? ಪೆಟ್ಟಿಗೇಲಿ ಒಂದು ಕಮ್ಮಿ ಇದೆ’ ಎಂದೆ. ಎಲ್ಲರೂ ನಕ್ಕರು. ಅವರು ನಗಲಿಲ್ಲ. ಬೇರೆ ಪೆಟ್ಟಿಗೆ ತೆರೆದು ಒಂದು ತೋಟಾ ನನ್ನ ಅಂಗೈಯಲ್ಲಿಟ್ಟು, ‘ಮೂವತ್ತೆಂಟು ವರ್ಷದಲ್ಲಿ ಮೊದಲನೇ ಸಲ ಈ ಮಾತು ಕೇಳಿದೆ. ತಗೋ’ ಎಂದರು. ತೆಗೆದುಕೊಂಡು ಅಲ್ಲೇ ಹಾರಿಸಿದೆ. ಜೇಬು ಮುಟ್ಟಿ ನೋಡಿಕೊಳ್ಳಲಿಲ್ಲ.

ಅಕ್ಟೋಬರ್ 11, ಬುಧವಾರ, ಸಂಜೆ 5ಕ್ಕೆ ಅಂಗಡಿಯಲ್ಲಿ ವ್ಯವಹಾರ ಮುಗಿಯಿತು. ನನ್ನ ಹಳೆ ಕೋವಿಯನ್ನು ಅವರು 420 ಯೂರೊಗೆ ಹಿಡಿದುಕೊಂಡು, ಅಲ್ಲೇ ನಿಂತಿದ್ದ ದೂಲಿಯೊಗೆ 450ಕ್ಕೆ ಕೊಟ್ಟರು. ದೂಲಿಯೊಗೆ 57 ವರ್ಷ, ಶಾಲೆಯ ಬಸ್ಸು ಓಡಿಸುತ್ತಾನೆ, ನನ್ನ ಜೊತೆ ಹತ್ತೊಂಬತ್ತು ವರ್ಷದಿಂದ ಬೇಟೆಗೆ ಬರುತ್ತಾನೆ. ಕೊಡುವ ಮೊದಲು ಸಿಞೋರಾ ನಮ್ಮಿಬ್ಬರ ಮುಂದೆಯೇ ನಳಿಗೆಯ ಒಳಗೆ ದೀಪ ಬಿಟ್ಟು, ಅಳತೆಕಡ್ಡಿ ಹಾಕಿ, ಕಾಲು ಗಂಟೆ ನೋಡಿ, ಪುಸ್ತಕದಲ್ಲಿ ಬರೆದರು. ಆ ಪುಟ ಮುದ್ರೆ ಹಾಕಿದ ಬಾಗಿಲಿನ ಹಿಂದೆ ಇದೆ. ತೆಗೆದು ನೋಡಬೇಕಾಗಿ ಕೋರುತ್ತೇನೆ.

ನಮ್ಮ ಕಣಿವೆಯಲ್ಲಿ ಕೋವಿ ಕೈ ಬದಲಾದರೆ ಅದರೊಂದಿಗೆ ಬೆಟ್ಟ ಹತ್ತಿದ ಜಾಕೆಟ್ಟೂ ಹೋಗಬೇಕು, ಅದೂ ಜೇಬು ಬರಿದು ಮಾಡದೆ. ಬರಿದು ಮಾಡಿ ಕೊಟ್ಟರೆ ಕೊಂಡವನಿಗೆ ಹಕ್ಕಿ ಏಳುವುದಿಲ್ಲ ಎನ್ನುತ್ತಾರೆ. ನಾನು ಇದನ್ನು ನಂಬುವವನಲ್ಲ, ಆದರೆ ನಂಬದೆ ಇರುವುದರಿಂದ ಲಾಭವೇನೂ ಕಾಣದ್ದರಿಂದ ಪಾಲಿಸುತ್ತೇನೆ. ಜಾಕೆಟ್ಟನ್ನು ದೂಲಿಯೊನ ಹೆಗಲಿಗೆ ಹಾಕಿದೆ. ಆಗ ಸಿಞೋರಾ, ‘ಜೇಬು ಒಂದ್ಸಲ ಕೊಡವಿ ಕೊಡು. ಹಳದಿ ಒಂದು ಉಳಿದಿದ್ರೆ ಹನ್ನೆರಡರ ನಳಿಗೆಯೊಳಗೆ ಜಾರಿ ಮಧ್ಯ ಸಿಕ್ಕಿಕೊಳ್ಳುತ್ತೆ. ಹಿಂದಿನಿಂದ ಇನ್ನೊಂದು ಹೊಡೆದ್ರೆ ಮುಗೀತು. ಹಳದಿ ಬಣ್ಣ ಚೆಂದಕ್ಕೆ ಅಂತ ಹಾಕಿಲ್ಲ’ ಎಂದು ಸ್ಪಷ್ಟವಾಗಿ ಹೇಳಿದರು. ನಾನು, ‘ಇವನ ಅದೃಷ್ಟ ಕೊಡವೋಕೆ ಹೇಳ್ತೀರಾ?’ ಎಂದೆ. ದೂಲಿಯೊ ಎರಡೂ ಜೇಬು ಗಟ್ಟಿಯಾಗಿ ಹಿಡಿದುಕೊಂಡು, ‘ಕೊಟ್ಟದ್ದು ಕೊಟ್ಟ ಹಾಗೇ ಇರಲಿ’ ಎಂದ. ಈ ಮಾತಿಗೆ ನಾವು ಮೂವರೇ ಸಾಕ್ಷಿ.

ನವೆಂಬರ್ 12, ಭಾನುವಾರ, ಈ ಚಳಿಗಾಲದ ಮೊದಲ ಬೇಟೆ. ನಾವಿಬ್ಬರೂ ಬ್ರೀಚಾಳೊಂದಿಗೆ ಬೆಳಿಗ್ಗೆ 6.35ಕ್ಕೆ ಹೊರಟೆವು. 8.50ಕ್ಕೆ ಕಾರ್ಪಿನಿ ಹಳ್ಳ ದಾಟುವಾಗ ನಿಯಮದಂತೆ ಇಬ್ಬರೂ ಕೋವಿ ಖಾಲಿ ಮಾಡಿದೆವು. ದಾಟಿ ಹದಿನೈದು ನಿಮಿಷಕ್ಕೆ ಬ್ರೀಚಾಳ ಕೊರಳ ಗಂಟೆ ನಿಂತಿತು. ಗಂಟೆ ನಿಂತರೆ ನಾಯಿ ಹಕ್ಕಿಯನ್ನು ಹಿಡಿದಿಟ್ಟಿದೆ ಎಂದು ಅರ್ಥ. ದೂಲಿಯೊ ನನ್ನಿಂದ ಮೂವತ್ತು ಹೆಜ್ಜೆ ಎಡಕ್ಕಿದ್ದ. ನಾಯಿಯ ಕಡೆ ಕಣ್ಣಿಟ್ಟೇ, ನಾನು ಕೊಟ್ಟ ಜಾಕೆಟ್ಟಿನ ಬಲ ಜೇಬಿನಿಂದ ಒಂದು ತೋಟಾ ತೆಗೆದು ತುಂಬಿದ. ಹಕ್ಕಿ ಎದ್ದಿತು. ಅವನ ಕೋವಿ ಬರೀ ಟಕ್ ಎಂದಿತು. ಹಕ್ಕಿ ಹೋಯಿತು.

ಅವನು ಕೋವಿ ತೆರೆದು ನೋಡಿ, ‘ಖಾಲಿ ಇದೆ ಮಾರಾಯ, ಹಾಕಿದ್ದೆ ಅನ್ಕೊಂಡೆ’ ಎಂದ. ಆಗ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ‘ಲೋ, ಬರೀ ಮುದ್ದು ಮಾಡಿದ್ರೆ ಸಾಲ್ದು ಕಣೋ, ನನ್ನ ಕೋವಿಗೆ ದಿನಾ ಊಟ ಹಾಕ್ತಿದ್ದೆ’ ಎಂದು ಕೂಗಿದೆ. ಅವನ ಮುಖ ಕೆಂಪಾಯಿತು. ಗಡಿಬಿಡಿಯಲ್ಲಿ ಇನ್ನೊಂದು ಹಾಕಿಕೊಂಡ. ಅದು ಕೆಂಪು, ಹನ್ನೆರಡು ಬೋರಿನದೇ.

9.22ಕ್ಕೆ ಗಂಟೆ ಮತ್ತೆ ನಿಂತಿತು. ಎರಡು ಹಕ್ಕಿ ಎದ್ದವು. ನನ್ನ ಕಡೆಯದನ್ನು 22 ಮೀಟರ್ ದೂರದಲ್ಲಿ ಒಂದೇ ಈಡಿಗೆ ಕೆಡವಿದೆ. ಹೊಸ ಕೋವಿಯ ಮೊದಲ ಹಕ್ಕಿ. ಸಂತೋಷಪಡಲು ಸುಮಾರು ಎರಡು ಸೆಕೆಂಡು ಸಿಕ್ಕಿತು. ಆಮೇಲೆ ಎಡಗಡೆಯಿಂದ ಬಂದದ್ದು ಈಡಿನ ಸದ್ದಲ್ಲ, ತಗಡು ಸೀಳಿದ ಸದ್ದು. ನಾನು ಕೋವಿಯನ್ನು ಕೆಸರಿಗೆ ಎಸೆದು ಓಡಿದೆ. ದೂಲಿಯೊ ಕೂತಿದ್ದ. ತನ್ನ ಎಡಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತಿದ್ದ. ನಾಯಿಯ ಹಗ್ಗದಿಂದ ಮಣಿಕಟ್ಟು ಬಿಗಿದೆ. ವ್ಯಾನಿಗೆ 1,150 ಮೀಟರ್ ಇಳಿಜಾರು. ದೂಲಿಯೊನ ತೂಕ 81 ಕಿಲೊ. ಅದರಲ್ಲಿ ಅರ್ಧವಾದರೂ ನನ್ನ ಮೇಲಿತ್ತು. ಐದು ಕಿಲೊದ ಲೆಕ್ಕ ಆ ದಿನ ನೆನಪಾಗಲಿಲ್ಲ. 10.48ಕ್ಕೆ ಆಸ್ಪತ್ರೆ ಮುಟ್ಟಿದೆವು.

15ರಂದು ಅಂಗಡಿಗೆ ಮುದ್ರೆ ಬಿತ್ತು. 16ರಂದು ಮಧ್ಯಾಹ್ನ 3ಕ್ಕೆ ಆಸ್ಪತ್ರೆಯಲ್ಲಿ ದೂಲಿಯೊನನ್ನು ಕಂಡೆ. ಮಾತಿಗೆ ಮಾತು ಬಂದು ಅವನು, ‘ಮೊದಲನೇದು ಹಾಕೋವಾಗ ಕೈಗೆ ಸಣ್ಣಗೆ ಅನ್ನಿಸ್ತು ಕಣೋ. ಚಳಿಗೆ ಬೆರಳು ಮರಗಟ್ಟಿದೆ ಅನ್ಕೊಂಡೆ’ ಎಂದ. ನಾನು ನಿಂತಿದ್ದವನು ಕುರ್ಚಿಯಲ್ಲಿ ಕೂತೆ. ಎಣಿಕೆಯಲ್ಲಿ ಕಮ್ಮಿಯಾದ ಆ ಒಂದು ಎಲ್ಲಿತ್ತು ಎಂಬುದು ಆಗ ತಿಳಿಯಿತು.

ಊಹೆಯನ್ನು ಯಾರೂ ಕೊಳ್ಳುವುದಿಲ್ಲವೆಂದು ನನ್ನ ಕಸುಬಿನಿಂದ ಗೊತ್ತು. 18ರಂದು ಬೆಳಿಗ್ಗೆ 7.40ರಿಂದ 12.15ರವರೆಗೆ ಆ ಜಾಗದಲ್ಲಿ ಮಂಡಿಯೂರಿ ಎಲೆ ಸರಿಸಿದೆ, ಏನೂ ಸಿಗಲಿಲ್ಲ. 19ರಂದು ಮತ್ತೆ ಹೋದೆ. 10.20ಕ್ಕೆ, ದೂಲಿಯೊ ಕೂತಿದ್ದಲ್ಲಿಂದ 4.3 ಮೀಟರ್ ಮುಂದೆ, ಒಂದು ಹಿತ್ತಾಳೆ ತಳ ಸಿಕ್ಕಿತು. ಅದರ ಮೇಲೆ 20 ಎಂದು ಅಚ್ಚಿದೆ, ಅಂಚಿಗೆ ಕರಗಿದ ಹಳದಿ ಪ್ಲಾಸ್ಟಿಕ್ ಅಂಟಿದೆ. 12ರ ಬೆಳಿಗ್ಗೆ ನನ್ನ ಕೋವಿ ಹಾರಿದ್ದು ಒಂದೇ ಸಲ. ಅದರ ಖಾಲಿ ಕೊಳವೆ ಸೀಳದೆ ಇಡಿಯಾಗಿ ನನ್ನ ಬಳಿ ಇದೆ. ಎರಡನ್ನೂ ಒಪ್ಪಿಸಿದ್ದೇನೆ.

ನಿನ್ನೆ, 20ರಂದು, ಸಂಜೆ 4ಕ್ಕೆ ಅದನ್ನು ದೂಲಿಯೊಗೆ ತೋರಿಸಿದೆ. ಅವನು ಅದನ್ನು ಬಲಗೈಯಲ್ಲಿ ತಿರುಗಿಸಿ 20 ಎಂಬ ಅಚ್ಚು ಓದಿದ. ಆಮೇಲೆ, ‘ಎಲ್ವೀರೊ, ಅದನ್ನ ಹಳ್ಳಕ್ಕೆ ಎಸಿ. ಅಂಗಡಿಗೆ ವಿಮೆ ಇದೆ. ಇದು ಸ್ಟೀರಿಂಗ್ ಹಿಡಿಯೋ ಕೈ ಕಣೋ’ ಎಂದ. ‘ವಿಮೆ ಕೊಡೋದು ದುಡ್ಡು. ಆ ಹೆಂಗಸಿನ ಹೆಸರು ಯಾರು ಕೊಡ್ತಾರೆ?’ ಎಂದೆ. ‘ಎಪ್ಪತ್ತು ವರ್ಷ ಆಯ್ತು, ಇನ್ನು ಅಂಗಡಿ ಇಟ್ಟು ಏನು ಮಾಡ್ತಾರೆ?’ ಎಂದ. ‘ನನಗೆ ಅರವತ್ಮೂರು, ನಾನು ಬೆಟ್ಟ ಹತ್ತಿ ಏನು ಮಾಡ್ತೀನೋ ಅದನ್ನೇ’ ಎಂದೆ. ತೋಟಾ ನನ್ನದು, ಬೇಟೆಗಾರನಿಗೆ ಕಡ್ಡಾಯವಾದ ವಿಮೆ ನನಗೂ ಇದೆ, ಅದರ ಮೇಲೆ ಹಕ್ಕು ಕೇಳು, ನಾನೇ ಸಹಿ ಹಾಕುತ್ತೇನೆ ಎಂದು ವಿವರಿಸಿದೆ. ಅವನು ಗೋಡೆ ಕಡೆ ತಿರುಗಿ, ‘ನಿನ್ನ ಕೋವಿ ಕಿತ್ಕೋತಾರಲ್ಲೋ. ಬ್ರೀಚಾನ ಯಾರು ಹತ್ತಿಸ್ತಾರೆ?’ ಎಂದ. ನಾನು ಹಿತ್ತಾಳೆ ತಳವನ್ನು ಜೇಬಿಗೆ ಹಾಕಿಕೊಂಡು ಎದ್ದೆ. ಇವತ್ತು ಬೆಳಿಗ್ಗೆ ಅವನು ಫೋನ್ ಮಾಡಿ, ತೋಟಾ ಕೈಗೆ ಸಣ್ಣಗೆ ಅನ್ನಿಸಿದ ಮಾತನ್ನು ಪೊಲೀಸರು ಕೇಳಿದರೆ ತಾನೂ ಹೇಳುವುದಾಗಿ ತಿಳಿಸಿದ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಲಾಯಿತು. ಕಂಡದ್ದು, ಆಡಿದ್ದು, ಎಣಿಸಿದ್ದು ಇಷ್ಟೇ, ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ. ಓದಿ ಹೇಳಿದ ಮೇಲೆ ನನ್ನ ಕೋರಿಕೆಯಂತೆ ಸೇರಿಸಿದ್ದು, ಯಾರಿಗೆ ಏನು ಸಿಕ್ಕಿತೆಂಬುದು:

ಸಿಞೋರಾ ಇಯೋಲೆ ಮಂಬ್ರೀನಿಯವರಿಗೆ, ನೀವು ಮುದ್ರೆ ಒಡೆಯುವ ದಿನ, ಅವರ ಬಾಗಿಲು. ದೂಲಿಯೊ ಸ್ಕಾರ್ಪೆತ್ತಿಗೆ, ನನ್ನ ವಿಮೆಯ ಮೇಲೆ ಹಕ್ಕು. ಬ್ರೀಚಾಳಿಗೆ, ಈ ಚಳಿಗಾಲಕ್ಕೆ ಒಂದು ಹಕ್ಕಿ. ಠಾಣೆಗೆ, ಒಂದು ಹಿತ್ತಾಳೆ ತಳ ಮತ್ತು 2,560 ಗ್ರಾಂ ತೂಗುವ, ಒಂದೇ ಸಲ ಬೇಟೆಯಲ್ಲಿ ಹಾರಿದ ಒಂದು ಕೋವಿ. ನೀವು ಕೇಳುವ ಮೊದಲೇ ಮೇಜಿನ ಮೇಲಿಟ್ಟಿದ್ದೇನೆ. ನನಗೆ, ಅದಕ್ಕೆ ರಸೀದಿ.

ಸ್ಥಳ: ಪಿಯೆವೆಮೋರಾ
ದಿನಾಂಕ: 21 ನವೆಂಬರ್ 2023, ಮಂಗಳವಾರ, ಬೆಳಿಗ್ಗೆ 11.40
ಸಹಿ: ಎಲ್ವೀರೊ ಫಾಂತೊನಿ